‘ಎಲ್ಲಾ ಡಿಜಿಟಲ್ ಆಯ್ತು, ಏನು ಸಿಕ್ತು?’ ಓದುಗರ ಪ್ರಶ್ನೆ, ನಮ್ಮ ಉತ್ತರ

ಕಟ್ಟಡ ಕಂಪನಿಗಳು ಆ್ಯಪು, ಸಾಫ್ಟ್‌ವೇರು ಅಂತ ಹೊರಡುವ ಮೊದಲು ಗುರಿಯನ್ನು ಅಂಕಿಯಲ್ಲಿ ಬರೆದಿಟ್ಟುಕೊಳ್ಳಲಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ‘ಹೇಳೋದು ಸುಲಭ, ಯಾವ ಅಂಕಿ ಅಂತ ಹೇಳಿ’ ಎಂದು ಬಹಳ ಜನ ತಿರುಗಿ ಕೇಳಿದ್ದಾರೆ. ನ್ಯಾಯವಾದ ಮಾತು. ಕೆಲವು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ, ಮೈಸೂರಿನಿಂದ: ನಮ್ಮದು ಅಪ್ಪ ಕಟ್ಟಿ ಬೆಳೆಸಿದ ಕಂಪನಿ. ಮನೆ, ಸಣ್ಣ ಅಪಾರ್ಟ್‌ಮೆಂಟ್ ಕಟ್ಟುತ್ತೇವೆ. ಈಗ 5 ಸೈಟ್ ನಡೆಯುತ್ತಿವೆ. ಹೋದ ವರ್ಷ ಇಆರ್‌ಪಿ, ಅಂದರೆ ಖರೀದಿ, ಸ್ಟೋರು, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್ ತಗೊಂಡೆವು, ಸೂಪರ್‌ವೈಸರ್‌ಗಳಿಗೆಲ್ಲ ಫೋನ್ ಕೊಟ್ಟೆವು. ‘ಮಾರ್ಚ್ ಒಳಗೆ 100% ಡಿಜಿಟಲ್’ ಅಂತ ಗುರಿ ಇಟ್ಟು, ಹತ್ತಿರ ಹತ್ತಿರ ಮುಟ್ಟಿಯೂ ಆಯ್ತು. ಈಗ ಅಪ್ಪ ‘ಎಲ್ಲಾ ಸರಿ, ಇದರಿಂದ ಏನು ಸಿಕ್ತು ಹೇಳು’ ಅಂತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಗುರಿ ಇಡೋದರಲ್ಲೇ ಎಡವಿದೆವಾ?

ಉತ್ತರ: ಹೌದು. ಅಪ್ಪ ಕೇಳಿದ್ದು ಸರಿಯಾಗಿದೆ. ಎಷ್ಟು ಫೋನ್ ಕೊಟ್ಟಿರಿ, ಎಷ್ಟು ಜನ ಲಾಗಿನ್ ಆದರು ಅನ್ನೋದೆಲ್ಲ ನೀವು ಹಾಕಿದ್ದರ ಲೆಕ್ಕ. ಅವರು ಕೇಳುತ್ತಿರುವುದು ಬಂದದ್ದರ ಲೆಕ್ಕ. ಅದು ಸಿಮೆಂಟ್ ಮೂಟೆಯಲ್ಲಿ, ಕಬ್ಬಿಣದ ತೂಕದಲ್ಲಿ, ದಿನದಲ್ಲಿ, ಕೊನೆಗೆ ರೂಪಾಯಿಯಲ್ಲಿ ಕಾಣಬೇಕು.

ಒಂದು ಸ್ಲ್ಯಾಬ್ ತಗೊಳ್ಳಿ. ಡ್ರಾಯಿಂಗ್ ಪ್ರಕಾರ ಸ್ಲ್ಯಾಬ್, ಬೀಮ್ ಸೇರಿ 20 ಕ್ಯೂಬಿಕ್ ಮೀಟರ್ ಕಾಂಕ್ರೀಟ್ ಅಂದುಕೊಳ್ಳೋಣ. ಸೈಟಲ್ಲೇ ಮಿಕ್ಸ್ ಮಾಡುವ ಎಂ20, ಅಂದರೆ ಸಿಮೆಂಟ್, ಮರಳು, ಜಲ್ಲಿ 1:1.5:3 ಅಳತೆ. ಇದಕ್ಕೆ ಒಂದು ಕ್ಯೂಬಿಕ್ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟ್ ಬೇಕು. ಒಟ್ಟು 160 ಮೂಟೆ. ಈಗ ನಿಮ್ಮ ಸ್ಟೋರ್ ರಿಜಿಸ್ಟರ್ ತೆಗೆಯಿರಿ. ಆ ದಿನ ಕೊಟ್ಟಿದ್ದು 174 ಅಂತ ಇದ್ದರೆ 14 ಮೂಟೆ ಜಾಸ್ತಿ ಹೋಗಿದೆ, ಹತ್ತಿರ ಹತ್ತಿರ 9%. ಮೂಟೆಗೆ 350 ರೂಪಾಯಿ ಹಿಡಿದರೆ 4,900 ರೂಪಾಯಿ. ವರ್ಷಕ್ಕೆ ಇಂಥ 30 ಸ್ಲ್ಯಾಬ್ ಹಾಕುವವರಿಗೆ ಅದು ಒಂದೂವರೆ ಲಕ್ಷದ ಹತ್ತಿರ ಬರುತ್ತದೆ.

‘ಮಾರ್ಚ್ ಒಳಗೆ ಸಿಮೆಂಟಿನ ಈ ವ್ಯತ್ಯಾಸ 9%ನಿಂದ 3%ಗೆ ಇಳಿಯಬೇಕು’ ಅಂತ ಬರೆದುಕೊಳ್ಳಿ. ಇದಕ್ಕೆ ಗುರಿ ಅನ್ನಬಹುದು. ಎಲ್ಲಿಂದ ಶುರು, ಎಲ್ಲಿಗೆ ಮುಟ್ಟಬೇಕು, ಯಾವಾಗ, ಎಷ್ಟು ಹಣ ಅನ್ನೋದು ಎಲ್ಲಾ ಇದರಲ್ಲೇ ಇದೆ. ಮೇಲಿನ ಲೆಕ್ಕದಲ್ಲಿ ಗುರಿ ಮುಟ್ಟಿದರೆ ಉಳಿಯೋದು ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ಸಾಫ್ಟ್‌ವೇರಿನ ಸ್ಟೋರ್ ಭಾಗಕ್ಕೇ ವರ್ಷಕ್ಕೆ 2 ಲಕ್ಷ ಕೊಡುತ್ತಿದ್ದರೆ ಅದು ನಷ್ಟ ಅನ್ನೋದೂ ಆಗಲೇ ಗೊತ್ತಾಗುತ್ತೆ, ಅಲ್ವಾ?

ಆದರೆ ಶುರುವಿನ ಅಂಕಿ ಎಲ್ಲಿಂದ ತರೋದು? ಹಳೇ ಪುಸ್ತಕದಿಂದ. ಸಾಫ್ಟ್‌ವೇರ್ ಬರುವ ಮುಂಚಿನ ಹತ್ತು ಸ್ಲ್ಯಾಬುಗಳ ಪುಟ ಹುಡುಕಿ, ಡ್ರಾಯಿಂಗ್ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ. ಎರಡು ದಿನದ ಕೆಲಸ. ಹೆಚ್ಚಿನ ಕಂಪನಿಗಳು ಇದೊಂದನ್ನು ಮಾಡುವುದಿಲ್ಲ. ಆಮೇಲೆ ಏನು ಬದಲಾಯಿತು ಅಂದರೆ ಆಕಾಶ ನೋಡುತ್ತವೆ.

ಜಾಸ್ತಿ ಹೋದ 14 ಮೂಟೆ ಕಳುವಾಗಿದೆ ಅಂತ ತಕ್ಷಣ ಸ್ಟೋರಿನವನ ಮೇಲೆ ಹಾರಬೇಡಿ. ಬಹಳ ಸಲ ಮೂಟೆ ಹೋಗಿರುವುದು ನಿಮ್ಮದೇ ಇನ್ನೊಂದು ಸೈಟಿಗೆ. ಅಲ್ಲಿ ಪ್ಲಾಸ್ಟರಿಂಗಿಗೆ ಸಿಮೆಂಟ್ ಮುಗಿದಿರುತ್ತೆ, ಮೇಸ್ತ್ರಿ ಫೋನ್ ಮಾಡುತ್ತಾನೆ, ಗೂಡ್ಸ್ ಆಟೋದಲ್ಲಿ 10 ಮೂಟೆ ಹೋಗುತ್ತೆ, ಚೀಟಿ ಮಾತ್ರ ಇರೋದಿಲ್ಲ. ಈ ಸೈಟಲ್ಲಿ ಖರ್ಚು ಜಾಸ್ತಿ, ಆ ಸೈಟಲ್ಲಿ ಪವಾಡ. ನಿಮ್ಮ ಇಆರ್‌ಪಿಯಲ್ಲಿ ಸೈಟಿನಿಂದ ಸೈಟಿಗೆ ಕಳಿಸುವ ಎಂಟ್ರಿ ಇದ್ದೇ ಇರುತ್ತೆ. ಮೊದಲು ಅದೊಂದನ್ನು ಬಿಗಿ ಮಾಡಿ. ವ್ಯತ್ಯಾಸದಲ್ಲಿ ಒಂದು ಪಾಲು ಅಲ್ಲೇ ಕರಗಬಹುದು.

ಕಬ್ಬಿಣಕ್ಕೂ ಇದೇ ಲೆಕ್ಕ ಮಾಡುವಾಗ ಒಂದು ಎಚ್ಚರಿಕೆ. ಕಬ್ಬಿಣ ಕೊಳ್ಳೋದು ತೂಕದಲ್ಲಿ, ಕಟ್ಟೋದು ಉದ್ದದಲ್ಲಿ. 8 ಎಂಎಂ ಸರಳಿನ ತೂಕ ಮೀಟರಿಗೆ 0.395 ಕಿಲೋ ಅಂತ ಲೆಕ್ಕ, ಹಾಗಾಗಿ ಒಂದು ಟನ್ನಿಗೆ ಸುಮಾರು 2,530 ಮೀಟರ್ ಬರಬೇಕು. ಆದರೆ 10 ಎಂಎಂವರೆಗಿನ ಸರಳಿಗೆ ತೂಕ 7% ಆಚೀಚೆ ಆಗಲು ಸರಳಿನ ಭಾರತೀಯ ಮಾನದಂಡ ಐಎಸ್ 1786 ಒಪ್ಪುತ್ತದೆ. ನಿಮಗೆ ಬಂದ ಲೋಡು 5% ಭಾರ ಇದ್ದರೆ ಟನ್ನಿಗೆ 120 ಮೀಟರ್ ಕಡಿಮೆ ಬಂತು. ಅದು ಯಾರೂ ಕದ್ದದ್ದಲ್ಲ, ಯಾರೂ ವ್ಯರ್ಥ ಮಾಡಿದ್ದೂ ಅಲ್ಲ. ಇದನ್ನು ನೋಡದೆ ‘ವೇಸ್ಟೇಜ್ 3% ದಾಟಬಾರದು’ ಅಂತ ಗುರಿ ಇಟ್ಟರೆ ಕಬ್ಬಿಣ ಬಗ್ಗಿಸಿ ಕಟ್ಟುವ ಬಾರ್ ಬೆಂಡರ್ ಪಾಪ ಸುಮ್ನೆ ಬೈಸಿಕೊಳ್ಳುತ್ತಾನೆ. ಲೋಡ್ ಇಳಿದಾಗ 12 ಮೀಟರಿನ ಕೆಲವು ಸರಳನ್ನು ತೂಗಿ. 8 ಎಂಎಂ ಆದರೆ ಒಂದು ಸರಳು 4.74 ಕಿಲೋ ಇರಬೇಕು. ಎಷ್ಟು ಬಂತೋ ಅದನ್ನು ಚಲನ್ ಜೊತೆಗೇ ಆ್ಯಪಲ್ಲಿ ಹಾಕಿಸಿ, ವೇಸ್ಟೇಜ್ ಲೆಕ್ಕ ಅಲ್ಲಿಂದ ಮುಂದಕ್ಕೆ ಹಿಡಿಯಿರಿ. ಕಟ್ ಪೀಸ್‌ಗಳನ್ನೂ ತಿಂಗಳಿಗೊಮ್ಮೆ ತೂಗಿಸಿ. ಮೂಲೆಯಲ್ಲಿ ರಾಶಿ ಬಿದ್ದಿರುವ ಒಂದಡಿ, ಎರಡಡಿ ತುಂಡು ನಿಜವಾದ ವೇಸ್ಟೇಜ್. ಅದನ್ನು ಇಳಿಸೋದು ಬಾರ್ ಬೆಂಡಿಂಗ್ ಶೆಡ್ಯೂಲ್ (ಯಾವ ಸರಳು ಎಷ್ಟು ಉದ್ದ ಕತ್ತರಿಸಬೇಕು ಅನ್ನುವ ಪಟ್ಟಿ) ಸರಿಯಾಗಿ ಮಾಡುವ ಎಂಜಿನಿಯರ್ ಕೈಯಲ್ಲಿದೆ.

ಒಟ್ಟು ಎರಡೇ ಅಂಕಿ ಆಯ್ತು, ಒಂದು ಸಿಮೆಂಟಿಗೆ, ಒಂದು ಕಬ್ಬಿಣಕ್ಕೆ. ಮೊದಲ ಆರು ತಿಂಗಳಿಗೆ ಇಷ್ಟು ಸಾಕು.

ಪ್ರಶ್ನೆ, ಹುಬ್ಬಳ್ಳಿಯಿಂದ: ನಾನು ಸೈಟ್ ಎಂಜಿನಿಯರ್. ದಿನದ ವರದಿಯ ಆ್ಯಪಿನಲ್ಲಿ 40 ಕಾಲಂ ಇವೆ. ಬೆಳಿಗ್ಗೆಯಿಂದ ಸಂಜೆವರೆಗೂ ತುಂಬೋಕೆ ಆಗಲ್ಲ, ರಾತ್ರಿ ಊಟ ಆದ ಮೇಲೆ ಕೂತು ನೆನಪಿದ್ದಷ್ಟು ಹಾಕುತ್ತೇನೆ. ಹೆಡ್ ಆಫೀಸಿನಲ್ಲಿ ಯಾವ ಸೈಟ್ ಎಷ್ಟು ಶೇಕಡಾ ತುಂಬಿದೆ ಅಂತ ಬೋರ್ಡ್ ಹಾಕಿದ್ದಾರೆ. ನಮ್ಮದು 98%. ಅದರಲ್ಲಿ ಅರ್ಧ ಅಂದಾಜು ಅಂತ ನನಗೆ ಗೊತ್ತು. ಇದನ್ನು ಸಾಹೇಬರಿಗೆ ಹೆಂಗ ಹೇಳ್ಲಿ?

ಉತ್ತರ: ಮೇಡಂ, ಈ ಪುಟವನ್ನೇ ಅವರ ಮೇಜಿನ ಮೇಲಿಡಿ.

ಸಾಹೇಬರೇ, ತುಂಬಿದ ಕಾಲಂ ಎಣಿಸಿದರೆ ತುಂಬಿದ ಕಾಲಂ ಸಿಗುತ್ತೆ. ಸತ್ಯ ಸಿಗುತ್ತೆ ಅಂತ ಏನೂ ಇಲ್ಲ. ಉದ್ಯೋಗ ಖಾತ್ರಿ ಯೋಜನೆಯ ಹಾಜರಿ ಆ್ಯಪ್ ನೋಡಿ. ಎನ್‌ಎಂಎಂಎಸ್ ಅಂತ ಅದರ ಹೆಸರು. 2021ರಲ್ಲಿ ಬಂತು, 2023ರ ಜನವರಿ 1ರಿಂದ ಕಡ್ಡಾಯವಾಯ್ತು. ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲಿ ನಿಂತು ಜಿಯೋಟ್ಯಾಗ್ (ಜಾಗದ ಗುರುತು) ಇರುವ ಫೋಟೋ ತೆಗೆಯಬೇಕಿತ್ತು, ಮೋಸಕ್ಕೆ ಜಾಗವೇ ಇಲ್ಲ ಅನ್ನುವ ಲೆಕ್ಕಾಚಾರ. ಏನಾಯ್ತು? 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಸಂಬಂಧವಿಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ ಅಂತ ಪಟ್ಟಿ ಕೊಟ್ಟಿತು. ನಮ್ಮ ಯಾದಗಿರಿ ಜಿಲ್ಲೆಯಲ್ಲಂತೂ ಹೆಂಗಸರ ಹಾಜರಿಗೆ ಗಂಡಸರು ಸೀರೆ ಉಟ್ಟು ಫೋಟೋಗೆ ನಿಂತರು ಅಂತ ಅದೇ ವರ್ಷ ದೊಡ್ಡ ಸುದ್ದಿಯಾಗಿತ್ತು. ಫೋಟೋ ಬಂತು, ಎಣಿಕೆಯೂ ಬಂತು, ಕೆಲಸ ಆಗಿರಲಿಲ್ಲ.

ನಿಮ್ಮ ಸೈಟಲ್ಲಿ ಯಾರೂ ಅಷ್ಟು ದೂರ ಹೋಗಿಲ್ಲ. ಆದರೆ ರಾತ್ರಿ ಹತ್ತಕ್ಕೆ ನೆನಪಿನಿಂದ ತುಂಬಿದ ‘ಇವತ್ತು ಪ್ಲಾಸ್ಟರಿಂಗ್ 420 ಚದರ ಅಡಿ’ ಕೂಡ ಅದೇ ಜಾತಿಯದ್ದು.

ಹಾಗಾದರೆ ಏನು ಅಳೆಯೋದು? ಮೊದಲು 40 ಕಾಲಂಗಳನ್ನು ಆರಕ್ಕೆ ಇಳಿಸಿ. ಯಾವ ಆರು ಅಂತ ಮೇಡಂ ಅವರನ್ನೇ ಕೇಳಿ. ಅಳತೆ ಹೇಗಿರಬೇಕು ಅಂದರೆ ಒಂದು ಸಲ ಬರೆದದ್ದು ಮೂರು ಕಡೆ ಬಳಕೆಗೆ ಬರಬೇಕು. ಇವತ್ತು ಎಷ್ಟು ಬ್ಲಾಕ್ ಗೋಡೆ ಎದ್ದಿತು ಅನ್ನೋದು ವಾರದ ಕೊನೆಗೆ ಲೇಬರ್ ಕಾಂಟ್ರಾಕ್ಟರ್ ಬಿಲ್ಲಿಗೂ ಬೇಕು, ಬ್ಲಾಕ್ ಸ್ಟಾಕ್ ನೋಡೋಕೂ ಬೇಕು, ಓನರಿಗೆ ಹಾಕುವ ಬಿಲ್ಲಿಗೂ ಬೇಕು. ಅಂಥ ಅಂಕಿಯಲ್ಲಿ ಸುಳ್ಳು ಹೇಳೋದು ಕಷ್ಟ, ಯಾಕಂದರೆ ಶನಿವಾರ ಮೇಸ್ತ್ರಿ ಟೇಪ್ ಹಿಡಿದುಕೊಂಡು ಬಂದು ನಿಲ್ಲುತ್ತಾನೆ. ಯಾರಿಗೂ ಬೇಡದ ‘ಇಂದಿನ ಹವಾಮಾನ’ ಕಾಲಮಿನಲ್ಲಿ ವರ್ಷವಿಡೀ ಬಿಸಿಲು ಇರುತ್ತೆ, ಮಳೆಗಾಲದಲ್ಲೂ.

ಆಮೇಲೆ ಎರಡು ಅಂಕಿ ನೋಡಿ. ಒಂದು, ಕೆಲಸ ಮುಗಿದ ಹೊತ್ತಿಗೂ ಎಂಟ್ರಿ ಬಿದ್ದ ಹೊತ್ತಿಗೂ ಎಷ್ಟು ಗಂಟೆ ಅಂತರ. ಇದನ್ನು ಆ್ಯಪೇ ಹೇಳುತ್ತದೆ, ಯಾರೂ ತುಂಬಬೇಕಿಲ್ಲ. ಇನ್ನೊಂದು, ವರದಿಯಲ್ಲಿ ಬಂದ ಕಾಂಕ್ರೀಟ್ ಅಳತೆಗೂ ಆರ್‌ಎಂಸಿ (ರೆಡಿ ಮಿಕ್ಸ್ ಕಾಂಕ್ರೀಟ್) ಲಾರಿಗಳ ಚಲನ್ ಮೊತ್ತಕ್ಕೂ ತಿಂಗಳಿಗೆ ಎಷ್ಟು ವ್ಯತ್ಯಾಸ. 98% ಅಂತ ಬೋರ್ಡ್ ಹಾಕೋದಕ್ಕಿಂತ ಈ ಎರಡನ್ನು ಹಾಕಿ.

ಇನ್ನೊಂದು ಮಾತು, ಸಾಹೇಬರಿಗೆ ಇಷ್ಟ ಆಗದೇ ಇರಬಹುದು. ಹೆಡ್ ಆಫೀಸಿಗೂ ಒಂದು ಗುರಿ ಇಡಿ. ಸೈಟಿನಿಂದ ‘ಈ ಕಂಬದ ಸೈಜ್ ಆರ್ಕಿಟೆಕ್ಚರ್ ಡ್ರಾಯಿಂಗಿನಲ್ಲಿ ಒಂದು, ಸ್ಟ್ರಕ್ಚರ್ ಡ್ರಾಯಿಂಗಿನಲ್ಲಿ ಇನ್ನೊಂದು, ಯಾವುದು ಸರಿ?’ ಅಂತ ಪ್ರಶ್ನೆ ಬಂದರೆ 48 ಗಂಟೆ ಒಳಗೆ ಉತ್ತರ ಹೋಗಬೇಕು. ಹತ್ತು ಪ್ರಶ್ನೆಗೆ ಎಷ್ಟು ಸಲ ಹೋಯ್ತು, ಅದೂ ಬೋರ್ಡಿನ ಮೇಲೆ ಬರಲಿ. ಸೈಟಿನವರಷ್ಟೇ ವರದಿ ಒಪ್ಪಿಸಬೇಕು, ಮೇಲಿನವರಿಗೆ ಯಾವ ಲೆಕ್ಕವೂ ಇಲ್ಲ ಅಂದರೆ ಆ್ಯಪನ್ನು ಎಲ್ಲರೂ ಪತ್ತೇದಾರಿ ಅಂತಲೇ ನೋಡುತ್ತಾರೆ.

ಪ್ರಶ್ನೆ, ಮಂಗಳೂರಿನಿಂದ: ನಾನು ಕಂಪನಿಯ ಅಕೌಂಟ್ಸ್ ನೋಡುವವನು. ಎಂಜಿನಿಯರ್‌ಗಳಿಗೆ ಗುರಿ ಇಟ್ಟಾಯ್ತು. ಅಕೌಂಟ್ಸಿಗೆ ಯಾವ ಗುರಿ ಇಡಬಹುದು? ನಾವು ಕಾಂಟ್ರಾಕ್ಟ್ ಕೆಲಸವನ್ನೂ ಮಾಡುತ್ತೇವೆ, ಸ್ವಂತ ಫ್ಲ್ಯಾಟ್ ಕಟ್ಟಿಯೂ ಮಾರುತ್ತೇವೆ.

ಉತ್ತರ: ನಿಮ್ಮ ಅರ್ಧ ಗುರಿಯನ್ನು ಸರ್ಕಾರವೇ ಇಟ್ಟುಬಿಟ್ಟಿದೆ. ಕಾಂಟ್ರಾಕ್ಟ್ ಕೆಲಸದಲ್ಲಿ ನೀವು ಕೊಂಡ ಮಾಲಿನ ಜಿಎಸ್‌ಟಿ ವಾಪಸ್ ಹಿಡಿದುಕೊಳ್ಳಬಹುದು. ಆದರೆ ಸಪ್ಲೈಯರ್ ರಿಟರ್ನ್ ಹಾಕಿ, ಅದು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಸಪ್ಲೈಯರ್‌ಗಳ ರಿಟರ್ನಿನಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿಯಲ್ಲಿ, ಕಾಣಬೇಕು. ಅದು ಪ್ರತಿ ತಿಂಗಳು 14ಕ್ಕೆ ಬರುತ್ತದೆ. ಅಂದೇ ನಿಮ್ಮ ಖರೀದಿ ಪುಸ್ತಕದ ಜೊತೆ ತಾಳೆ ಹಾಕಿ. ತಾಳೆ ಆಗದೆ ಉಳಿದ ತೆರಿಗೆ ಎಷ್ಟು ರೂಪಾಯಿ? ಆ ಮೊತ್ತ ತಿಂಗಳಿಂದ ತಿಂಗಳಿಗೆ ಇಳಿಯಬೇಕು. ಉಳಿಯೋದಕ್ಕೆ ಒಂದು ಕಾರಣ ಸಪ್ಲೈಯರ್, ಇನ್ನೊಂದು ಕಾರಣ ಸೈಟಿನ ಡ್ರಾಯರಿನಲ್ಲಿ ಮಡಚಿಟ್ಟ ಬಿಲ್ಲು. ಎರಡನೆಯದನ್ನು ಫೋಟೋ ಹೊಡೆದು ಅಂದೇ ಕಳಿಸುವ ಪದ್ಧತಿಯಿಂದ ನಿಲ್ಲಿಸಬಹುದು, ಅದಕ್ಕೆ ದೊಡ್ಡ ಸಾಫ್ಟ್‌ವೇರೇನೂ ಬೇಡ.

ಫ್ಲ್ಯಾಟಿನ ಕಡೆ ಬೇರೆ. 2019ರ ಏಪ್ರಿಲ್ 1ರಿಂದ ಹೊಸ ವಸತಿ ಯೋಜನೆಗಳಿಗೆ 5%, ಕೈಗೆಟಕುವ ಬೆಲೆಯ ಮನೆಗೆ 1% ತೆರಿಗೆ, ಕೊಂಡ ಮಾಲಿನ ತೆರಿಗೆ ವಾಪಸ್ ಇಲ್ಲ. ಜೊತೆಗೆ ಖರೀದಿಯಲ್ಲಿ 80% ಜಿಎಸ್‌ಟಿ ನೋಂದಣಿ ಇರುವವರಿಂದಲೇ ಆಗಿರಬೇಕು. ಕಡಿಮೆ ಬಿದ್ದಷ್ಟಕ್ಕೆ ನೀವೇ 18% ಕಟ್ಟಬೇಕು. ಇದನ್ನು ವರ್ಷ ಮುಗಿದ ಮೇಲೆ ನೋಡಿ ತಲೆ ಮೇಲೆ ಕೈ ಹೊತ್ತುಕೊಳ್ಳುವವರಿದ್ದಾರೆ. ಪ್ರಾಜೆಕ್ಟ್ ಪ್ರಕಾರ ತಿಂಗಳಿಗೊಮ್ಮೆ ನೋಡಿ, 85% ಕೆಳಗೆ ಬಂದ ತಕ್ಷಣ ಪರ್ಚೇಸ್‌ನವರಿಗೆ ಮೆಸೇಜ್ ಹೋಗುವ ಹಾಗೆ ಮಾಡಿ. ಹಳೇ ಅಂದಾಜುಗಳನ್ನು ಹೋಲಿಸುವಾಗ ಒಂದು ನೆನಪಿರಲಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28%ನಿಂದ 18%ಗೆ ಇಳಿದಿದೆ. ಆ ಉಳಿತಾಯವನ್ನು ಸಾಫ್ಟ್‌ವೇರ್ ಮಾರುವವನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳದಂತೆ ನೋಡಿಕೊಳ್ಳಿ.

ಪ್ರಶ್ನೆ, ಕಲಬುರಗಿಯಿಂದ: ನಾವು ಪಿಡಬ್ಲ್ಯೂಡಿ, ಜಿಲ್ಲಾ ಪಂಚಾಯತಿ ಕೆಲಸ ಮಾಡೋರು. ಟೆಂಡರ್ ಆನ್‌ಲೈನ್ ಆಗಿ ಎಷ್ಟೋ ಕಾಲ ಆತು. ಆದರೆ ಬಿಲ್ಲು ಬರೋದು ಮಾತ್ರ ದೇವರಿಗೇ ಪ್ರೀತಿ. ಇಲಾಖೆ ರೊಕ್ಕ ಕೊಡದೇ ಇದ್ದರ ನಮ್ಮ ಆ್ಯಪು ಏನ್ ಮಾಡ್ತದ್ರೀ?

ಉತ್ತರ: ಏನೂ ಮಾಡುವುದಿಲ್ಲ. ‘ಬಿಲ್ಲು 60 ದಿನದಲ್ಲಿ ಕೈಗೆ ಬರಬೇಕು’ ಅಂತ ಗುರಿ ಇಟ್ಟರೆ ಅದು ಹರಕೆ ಹೊತ್ತಂತೆ. ಅನುದಾನ ಬಿಡುಗಡೆ ನಿಮ್ಮ ಕೈಯಲ್ಲಿಲ್ಲ.

ಆದರೆ ಕೆಲಸ ಮುಗಿದ ದಿನದಿಂದ ರೊಕ್ಕ ಬರುವ ದಿನದವರೆಗಿನ ದಾರಿಯನ್ನು ತುಂಡು ಮಾಡಿ ನೋಡಿ. ಕೆಲಸ ಮುಗಿಯಿತು. ಜೆಇ (ಜೂನಿಯರ್ ಎಂಜಿನಿಯರ್) ಬಂದು ಅಳತೆ ತಗೊಂಡರು. ಎಂಬಿ, ಅಂದರೆ ಅಳತೆ ಪುಸ್ತಕದಲ್ಲಿ ಏರಿತು. ನೀವು ರನ್ನಿಂಗ್ ಬಿಲ್ಲಿಗೆ ಕಾಗದ ಕೊಟ್ಟಿರಿ. ಜೆಇ ಮೇಲಿನ ಎಇಇ ಚೆಕ್ ಮಾಡಿದರು. ಡಿವಿಷನ್ನಿಗೆ ಹೋಯಿತು. ಪಾಸಾಯಿತು. ಹಣ ಬಂತು. ಕೊನೆಯ ಒಂದೆರಡು ತುಂಡು ನಿಮ್ಮ ಹಿಡಿತದಲ್ಲಿಲ್ಲ, ಒಪ್ಪಿದೆ. ಮೊದಲಿನವು? ಹಿಂದಿನ ಆರು ಬಿಲ್ಲಿನ ದಿನಾಂಕ ಬರೆದು ನೋಡಿ. ಕೆಲಸ ಮುಗಿದು ಕಾಗದ ಕೊಡುವ ಹೊತ್ತಿಗೆ 40 ದಿನ ಹಿಡಿದಿದ್ದರೆ, ಆ 40 ದಿನ ಇಲಾಖೆಯದ್ದಲ್ಲ. ಕಾಂಕ್ರೀಟಿನ ಬಲ ನೋಡುವ ಕ್ಯೂಬ್ ಟೆಸ್ಟ್ ರಿಪೋರ್ಟ್ ಲ್ಯಾಬಿನಲ್ಲೇ ಬಿದ್ದಿತ್ತು. ಕಡಿ, ಎಂ-ಸ್ಯಾಂಡಿನ ರಾಯಲ್ಟಿ ಕಟ್ಟಿದ ಪರ್ಮಿಟ್ ಪ್ರತಿ ಕ್ರಷರಿನವನು ಕೊಟ್ಟಿರಲಿಲ್ಲ. ಇನ್ಶೂರೆನ್ಸ್ ಮುಗಿದಿತ್ತು, ರಿನ್ಯೂ ಮಾಡಿಸಿರಲಿಲ್ಲ. ಮಣ್ಣಿನಲ್ಲಿ ಮುಚ್ಚಿಹೋದ ಫುಟಿಂಗಿನ ಅಳತೆಗೆ ಫೋಟೋ ಇರಲಿಲ್ಲ, ಜೆಇ ವರ್ಗ ಆಗಿ ಹೋದರು, ಹೊಸಬರು ‘ನಾನು ನೋಡಿಲ್ಲ’ ಅಂದರು.

ಈ ಕೊನೆಯದು ಬಹಳ ದುಬಾರಿ. ಅಡಿಪಾಯ, ಕಬ್ಬಿಣ ಕಟ್ಟಿದ್ದು, ರಸ್ತೆಯ ಕೆಳಗಿನ ಪದರಗಳು, ಇಂಥ ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಟೇಪ್ ಕಾಣುವ ಹಾಗೆ, ದಿನಾಂಕ ಮತ್ತು ಜಾಗ ಬೀಳುವ ಹಾಗೆ ಫೋಟೋ ತೆಗೆಸಿ, ಅಂದೇ ಜೆಇ ಸಹಿ ಹಾಕಿದ ಜಂಟಿ ಅಳತೆ ಹಾಳೆಯ ಜೊತೆ ಇಡಿ. ಪಂಚಾಯತ್ ರಾಜ್ ಕೆಲಸದಲ್ಲಿ ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶಕ್ಕೆ ಇಲಾಖೆಯವರೇ ಜಿಯೋಟ್ಯಾಗ್ ಫೋಟೋ ಹಾಕಬೇಕು. ನಿಮ್ಮ ಹತ್ತಿರವೂ ಒಂದು ಪ್ರತಿ ಇದ್ದರೆ ವಾದ ಬೆಳೆಯುವುದಿಲ್ಲ.

ಹಾಗಾಗಿ ನಿಮಗೆ ಎರಡು ಗುರಿ. ಕೆಲಸ ಮುಗಿದ ದಿನದಿಂದ ಪೂರ್ತಿ ಕಾಗದ ಕೊಡುವ ದಿನಕ್ಕೆ 40 ದಿನ ಇದ್ದದ್ದು 15ಕ್ಕೆ ಬರಲಿ. ‘ಈ ಕಾಗದ ಇಲ್ಲ’ ಅಂತ ವಾಪಸ್ ಬರುವ ಬಿಲ್ಲು ಹತ್ತಕ್ಕೆ ಒಂದು ದಾಟದಿರಲಿ. ಇದಕ್ಕೆ ಲಕ್ಷಗಟ್ಟಲೆ ಸಾಫ್ಟ್‌ವೇರ್ ಬೇಕಿಲ್ಲ. ಕೆಲಸಕ್ಕೊಂದು ಫೋಲ್ಡರ್, ಒಂದು ಎಕ್ಸೆಲ್ ಶೀಟು, ಅದನ್ನು ದಿನಾ ನೋಡುವ ಒಬ್ಬ ಹುಡುಗ ಸಾಕು. ಹತ್ತು ಕೋಟಿ ಕೆಲಸದಲ್ಲಿ ಸಾಲದ ಹಣ ಓಡಿಸುವವರಿಗೆ 25 ದಿನದ ಬಡ್ಡಿ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ, ಬೆಂಗಳೂರಿನಿಂದ: ಕನ್ಸಲ್ಟೆಂಟ್ ಒಬ್ಬರು ನಮ್ಮ ಕಂಪನಿಗೆ ‘ಬಿಮ್ ಮೆಚ್ಯೂರಿಟಿ ಸ್ಕೋರ್’, ಅಂದರೆ ಕಟ್ಟಡದ 3ಡಿ ಕಂಪ್ಯೂಟರ್ ಮಾಡೆಲ್ ಬಳಸುವುದರಲ್ಲಿ ಎಷ್ಟು ಪಳಗಿದ್ದೇವೆ ಅನ್ನುವ ಅಂಕ, 5ಕ್ಕೆ 1.8 ಅಂತ ಕೊಟ್ಟು, ಎರಡು ವರ್ಷದಲ್ಲಿ 3.5 ಮಾಡೋಣ ಅಂದಿದ್ದಾರೆ. ಡ್ರೋನ್ ಸರ್ವೇನೂ ಸೇರಿದೆ. ನಮ್ಮದು ನೆಲ ಮಹಡಿ ಮೇಲೆ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್‌ಗಳು. ಇದು ಅಳೆಯಬಹುದಾದ ಗುರಿ ತಾನೆ?

ಉತ್ತರ: ಅಂಕಿ ಇದೆ ಅಂದ ಮಾತ್ರಕ್ಕೆ ಅದು ನಿಮ್ಮ ಗುರಿ ಆಗಲ್ಲ. 1.8 ಕೊಟ್ಟವರೂ ಅವರೇ, 3.5 ಕೊಡುವವರೂ ಅವರೇ.

ಬ್ರಿಟನ್ನಿನಲ್ಲಿ ಸರ್ಕಾರ 2011ರಲ್ಲಿ ಇದನ್ನು ಬೇರೆ ಥರ ಮಾಡಿತು. ಸರ್ಕಾರಿ ಕಟ್ಟಡಗಳ ಖರ್ಚನ್ನು 20%ವರೆಗೆ ಇಳಿಸಬೇಕು ಅನ್ನುವ ಗುರಿ ಮೊದಲು, ಅದಕ್ಕೆ ಒಂದು ದಾರಿಯಾಗಿ 2016ರ ಹೊತ್ತಿಗೆ ಕೇಂದ್ರ ಸರ್ಕಾರದ ಕೆಲಸಗಳಲ್ಲಿ ಬಿಮ್ ಕಡ್ಡಾಯ. ಖರ್ಚಿನ ಅಂಕಿ ಮುಂದೆ, 3ಡಿ ಮಾಡೆಲ್ ಹಿಂದೆ. ನಿಮ್ಮ ಕನ್ಸಲ್ಟೆಂಟ್ ಈ ಕ್ರಮವನ್ನು ತಿರುಗಿಸಿಬಿಟ್ಟಿದ್ದಾರೆ.

ಬಿಮ್ ಮಾಡೆಲ್ ನಿಮ್ಮಂಥ ಕಟ್ಟಡದಲ್ಲಿ ಏನು ಉಳಿಸಬಹುದು? ಮುಗಿದಿರುವ ನಿಮ್ಮ ಹಿಂದಿನ ಕಟ್ಟಡದ ಟಾಯ್ಲೆಟ್‌ಗಳಿಗೆ ಹೋಗಿ ಮೇಲೆ ನೋಡಿ. ಸ್ಲ್ಯಾಬ್ ಹಾಕುವಾಗ ಪೈಪಿಗೆ ದಾರಿ ಬಿಡುವ ಸ್ಲೀವ್ ಇಡುವುದು ಮರೆತು, ಆಮೇಲೆ ಕೋರ್ ಕಟಿಂಗ್ ಮಾಡಿಸಿದ ತೂತುಗಳು ಎಷ್ಟು? ಡ್ರೈನೇಜ್ ಪೈಪಿಗೆ ದಾರಿ ಇಲ್ಲ ಅಂತ ಬೀಮಿಗೇ ಕೊರೆದ ಜಾಗ ಇದೆಯಾ? ಕೋರ್ ಕಟಿಂಗಿನವನ ಬಿಲ್ಲು ನಿಮ್ಮ ಅಕೌಂಟ್ಸಿನಲ್ಲಿ ಇರುತ್ತೆ, ತೂತಿಗೆ ಇಷ್ಟು ಅಂತ. ಮಹಡಿಗೆ ಎಷ್ಟು ತೂತು ಅಂತ ಲೆಕ್ಕ ಹಾಕಿ. 20 ಇದ್ದರೆ ಮುಂದಿನ ಕಟ್ಟಡದಲ್ಲಿ 4 ದಾಟಬಾರದು, ಬೀಮಿನಲ್ಲಿ ಒಂದೂ ಇರಬಾರದು. ಪ್ಲಂಬಿಂಗ್, ಎಲೆಕ್ಟ್ರಿಕಲ್, ಸ್ಟ್ರಕ್ಚರ್ ಡ್ರಾಯಿಂಗ್ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡುವುದೇ ಬಿಮ್ಮಿನ ಮುಖ್ಯ ಲಾಭ. ಅದು ಬಂತೋ ಇಲ್ಲವೋ ಅನ್ನೋದನ್ನು ಕನ್ಸಲ್ಟೆಂಟ್ ಹೇಳಬೇಕಾಗಿಲ್ಲ, ಕೊರೆಯುವವನ ಬಿಲ್ಲೇ ಹೇಳುತ್ತದೆ.

ಜೊತೆಗೆ ಹಳೇ ಡ್ರಾಯಿಂಗ್ ನೋಡಿ ಕೆಲಸ ಮಾಡಿ ಒಡೆದ ಸಂಗತಿಗಳನ್ನೂ ಎಣಿಸಿ. ಆಫೀಸಿನಲ್ಲಿ ಆರ್3, ಅಂದರೆ ಮೂರನೇ ಸಲ ತಿದ್ದಿದ ಡ್ರಾಯಿಂಗ್, ಬಂದಿರುತ್ತೆ, ಸೈಟಿನ ಗೋಡೆ ಮೇಲೆ ಆರ್1 ಅಂಟಿಸಿರುತ್ತಾರೆ. ಪ್ರತಿ ಪ್ರಿಂಟಿನ ಮೂಲೆಗೆ ಕ್ಯೂಆರ್ ಕೋಡ್ ಹಾಕಿ, ಸ್ಕ್ಯಾನ್ ಮಾಡಿದರೆ ಇದು ಹೊಸದೋ ಹಳೆಯದೋ ಅಂತ ತೋರಿಸಿದರೆ ಬಹಳ ಅಗ್ಗದಲ್ಲಿ ಮುಗಿಯುತ್ತೆ.

ನೀವು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆದವರಾದರೆ ಮೂರು ತಿಂಗಳಿಗೊಮ್ಮೆ ಪ್ರಗತಿ ವರದಿ ಹಾಕಲೇಬೇಕು. ಫ್ಲ್ಯಾಟ್ ಕೊಳ್ಳುವವರು ಕೊಟ್ಟ ಹಣದಲ್ಲಿ 70% ಇಡಬೇಕಾದ ಖಾತೆಯಿಂದ ಹಣ ತೆಗೆಯಲು ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಸರ್ಟಿಫಿಕೇಟ್ ಬೇಕು. ಈ ಕಾಗದ ತಯಾರಾಗಲು ಈಗ ಎಷ್ಟು ದಿನ ಹಿಡಿಯುತ್ತೆ? ಅದನ್ನು ಮೂರು ದಿನಕ್ಕೆ ಇಳಿಸುವುದೂ ಒಳ್ಳೆಯ ಗುರಿಯೇ. ಇನ್ನು ಡ್ರೋನ್. 60x90 ಸೈಟಿಗೆ ಡ್ರೋನ್ ಸರ್ವೇ ಅಂದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಹತ್ತಾರು ಎಕರೆ ಲೇಔಟ್, ಮಣ್ಣು ಅಗೆದು ತುಂಬುವ ಲೆಕ್ಕ ಇದ್ದರೆ ಆಗ ಮಾತಾಡೋಣ.

ಪ್ರಶ್ನೆ, ತುಮಕೂರಿನಿಂದ: ನಾನು ಲೇಬರ್ ಕಾಂಟ್ರಾಕ್ಟರ್. ಕಂಪನಿಯವರು ಗೇಟಲ್ಲಿ ಬೆರಳಚ್ಚಿನ ಹಾಜರಿ ಮೆಷಿನ್ ಇಟ್ಟಿದ್ದಾರೆ. ಸಿಮೆಂಟಲ್ಲಿ ಸವೆದ ಬೆರಳು ಮೆಷಿನ್ನಿಗೆ ಹಿಡಿಯಲ್ಲ. ಬೆಳಿಗ್ಗೆ ಅರ್ಧ ಗಂಟೆ ಲೈನು. ಹಿಡಿಯದಿದ್ದವರ ಕೂಲಿ ಶನಿವಾರ ಕಟ್. ನಮ್ಮ ಹುಡುಗರು ಬಿಟ್ಟು ಹೋಗ್ತಿದ್ದಾರೆ. ಇದೂ ಡಿಜಿಟಲ್ಲಾ ಅಣ್ಣಾ?

ಉತ್ತರ: ಗಾರೆ ಕೆಲಸದವರ ಬೆರಳಗೆರೆ ಸವೆಯೋದು ಎಲ್ಲರಿಗೂ ಗೊತ್ತಿರುವ ವಿಷಯ, ಗೊತ್ತಿದ್ದೂ ಬೆರಳಿನ ಮೆಷಿನ್ ತಂದಿದ್ದಾರೆ. ಕಂಪನಿಯವರಿಗೆ ನೀವು ಮೂರು ಅಂಕಿ ಬರೆದು ಕೊಡಿ ಅಣ್ಣಾ, ಬಾಯಲ್ಲಿ ಹೇಳಿದರೆ ನಿಲ್ಲಲ್ಲ. ಒಂದು, ಬೆಳಿಗ್ಗೆ ಲೈನಿನಲ್ಲಿ ಹೋಗುವ ಹೊತ್ತು. 60 ಜನ, ಒಬ್ಬೊಬ್ಬರಿಗೆ ಅರ್ಧ ಗಂಟೆ ಅಂದರೆ ದಿನಕ್ಕೆ 30 ಗಂಟೆ ಕೂಲಿ, ಹತ್ತಿರ ಹತ್ತಿರ ನಾಲ್ಕು ಆಳಿನ ದಿನ. ಎರಡು, ಶನಿವಾರದ ಬಟವಾಡೆಯಲ್ಲಿ ಎಷ್ಟು ಜನ ‘ನನ್ನ ಹಾಜರಿ ತಪ್ಪಾಗಿದೆ’ ಅಂದರು. ಮೂರು, ಅದರಲ್ಲಿ ಎಷ್ಟು ನಿಜ ಅಂತ ಆಮೇಲೆ ಗೊತ್ತಾಯಿತು. ಮೆಷಿನ್ ಬಂದ ಮೇಲೆ ಈ ಮೂರು ಏರಿದ್ದರೆ ಅದು ನಷ್ಟದ ಮೆಷಿನ್ನೇ, ಪರದೆ ಮೇಲೆ ಎಷ್ಟೇ ಚೆಂದ ಗ್ರಾಫ್ ಬರಲಿ. ಮುಖ ನೋಡುವ ಆ್ಯಪ್ ಇರುವ ಎರಡು ಫೋನ್, ಎರಡು ಗೇಟು, ಹಿಡಿಯದಿದ್ದವರಿಗೆ ಆಗಲೇ ಪುಸ್ತಕದಲ್ಲಿ ಸಹಿ, ಇಷ್ಟು ಕೇಳಿ.

ಇನ್ನೊಂದು ಲಾಭ ನೀವು ಕೇಳಿ ಪಡೆಯಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಆ 90 ದಿನ ತೋರಿಸಲು ಪ್ರಮಾಣಪತ್ರಕ್ಕೆ ಅಲೆಯುವವರು ಎಷ್ಟು ಜನ. ಕಂಪನಿಯ ಆ್ಯಪಿನಲ್ಲಿ ಹಾಜರಿ ಇದ್ದೇ ಇದೆ. 90 ತುಂಬಿದವರ ಪಟ್ಟಿ ಪ್ರತಿ ತಿಂಗಳು ತೆಗೆದು, ಪ್ರಮಾಣಪತ್ರ ಪಡೆದವರ ಸಂಖ್ಯೆಯನ್ನು ಕಂಪನಿ ತನ್ನ ಗುರಿಯಲ್ಲಿ ಸೇರಿಸಲಿ. ಹಾಜರಿ ಮೆಷಿನ್ನಿನಿಂದ ತಮಗೂ ಒಂದು ಕಾರ್ಡು ಬಂತು ಅಂದರೆ ನಿಮ್ಮ ಹುಡುಗರೇ ಮರೆಯದೆ ಮುಖ ತೋರಿಸುತ್ತಾರೆ.

ಪ್ರಶ್ನೆ, ದಾವಣಗೆರೆಯಿಂದ: ಒಂದೇ ಪ್ರಶ್ನೆ. ಗುರಿ ಮುಟ್ಟದಿದ್ದರೆ ಎಷ್ಟು ದಿನ ನೋಡಿ ಸಾಫ್ಟ್‌ವೇರ್ ಬಿಡಬೇಕು?

ಉತ್ತರ: ಬಿಡುವ ತಾರೀಖನ್ನು ಕೊಳ್ಳುವ ದಿನವೇ ಬರೆದುಕೊಳ್ಳಿ. ನನ್ನ ಅಂದಾಜಿನಲ್ಲಿ ಒಂದೇ ಸೈಟಿನಲ್ಲಿ ಆರು ತಿಂಗಳು ಸಾಕು. ಮೊದಲ ಎರಡು ತಿಂಗಳು ಅಂಕಿ ಹಾಳಾಗಿ ಕಾಣುತ್ತೆ, ಯಾಕಂದರೆ ಮೊದಲು ಲೆಕ್ಕಕ್ಕೇ ಸಿಗದಿದ್ದ ಸೋರಿಕೆ ಈಗ ಕಾಣೋಕೆ ಶುರುವಾಗಿರುತ್ತೆ. ಅದಕ್ಕೆ ಹೆದರಬೇಡಿ. ನಾಲ್ಕನೇ ತಿಂಗಳಿಂದಲೂ ಇಳಿಯದಿದ್ದರೆ ಸೈಟಿಗೆ ಹೋಗಿ ಯಾಕೆ ಅಂತ ಕೇಳಿ, ಆರಕ್ಕೂ ಇಳಿಯದಿದ್ದರೆ ನಿಲ್ಲಿಸಿ. ಉಳಿದ ಸೈಟುಗಳಿಗೆ ಲೈಸೆನ್ಸ್ ಆಮೇಲೆ ಕೊಳ್ಳಬಹುದು, ‘ಈಗಲೇ ಹತ್ತು ತಗೊಂಡ್ರೆ ಡಿಸ್ಕೌಂಟ್’ ಅನ್ನೋ ಮಾತಿಗೆ ಬೀಳಬೇಡಿ. ಬಿಟ್ಟರೆ ನಮ್ಮ ಡೇಟಾ ಪೂರ್ತಿ ಎಕ್ಸೆಲ್‌ನಲ್ಲಿ ಕೊಡ್ತೀರಾ, ಎಷ್ಟು ದಿನದಲ್ಲಿ, ದುಡ್ಡು ಕೇಳ್ತೀರಾ ಅಂತ ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.